ಪ್ಯಾರಾ-ನೈಟ್ರೋಬೆಂಜೋಯಿಕ್ ಆಮ್ಲದ ಪಿಕೆಎ (ಆಮ್ಲದ ಬಲದ ಅಳತೆ; ಕಡಿಮೆ ಇದ್ದಷ್ಟೂ ಬಲ ಹೆಚ್ಚು) 3.85 ಬರ್ತಿದೆ, ಯಾಕೆ?

ಶಂಕರಘಟ್ಟ_ಎಂಎಸ್ಸಿ:
50 ಮಿ.ಲೀ. ನೀರಿಗೆ 0.01 ಮೋಲಾರ್ ಆಗುವಷ್ಟು ಆಮ್ಲ ಹಾಕಿ, 0.1 ಮೋಲಾರ್ ಕಾಸ್ಟಿಕ್ ಸೋಡಾ ಬಿಟ್ಟು, ಅರ್ಧ ತಟಸ್ಥವಾದಾಗಿನ ಪಿಎಚ್ ಅನ್ನೇ ಪಿಕೆಎ ಅಂತ ತಗೊಳ್ತಿದೀವಿ. ಬೆಂಜೋಯಿಕ್‌ಗೆ 4.2 ಸರಿಯಾಗಿ ಬರುತ್ತೆ. ನೈಟ್ರೋಗೆ 3.44 ಬರಬೇಕು, 3.85 ಬರ್ತಿದೆ. ಬೆಂಜೋಯಿಕ್‌ನ ಆಕ್ಟನಾಲ್-ನೀರು ಲಾಗ್ ಪಿ (ತಟಸ್ಥ ಅಣು ಎರಡೂ ಪದರಗಳಲ್ಲಿ ಹಂಚಿಹೋಗೋ ಅನುಪಾತದ ಲಾಗ್) ಕೂಡ 1.87ರ ಬದಲು 1.5. ನೀರಿನ ಪದರಕ್ಕೆ ಬರೀ ಡಿಸ್ಟಿಲ್ಡ್ ವಾಟರ್ ಬಳಸಿದೀವಿ. ಮುಂದಿನದು ಪ್ಯಾರಾ-ಕ್ಲೋರೋಬೆಂಜೋಯಿಕ್ ಆಮ್ಲ.

ತುಂಗಾ_ತೀರ:
ಬೀಕರಿನ ತಳ ನೋಡಿ, ಪುಡಿ ಕೂತಿರುತ್ತೆ. ನೈಟ್ರೋ ಆಮ್ಲ ಅಷ್ಟು ಕರಗಲ್ಲ. ಅರ್ಧದಾರಿಯಲ್ಲಿ ಅಯಾನು 0.005 ಮೋಲಾರ್ ಇದ್ದರೂ ಕರಗಿದ ಆಮ್ಲ ಅದಕ್ಕಿಂತ ಕಡಿಮೆ, ಹಾಗಾಗಿ ಪಿಎಚ್ ಮೇಲೇರುತ್ತೆ. ಸರಿ, 0.001 ಮೋಲಾರ್‌ಗೆ ಇಳಿಸೋಣ ಅಂದ್ರೆ ಇನ್ನೊಂದು ತೊಡಕು: ಆಮ್ಲ ತಾನಾಗಿಯೇ ಗಣನೀಯವಾಗಿ ಅಯಾನೀಕರಿಸಿರುತ್ತೆ. ಆಗ ಅರ್ಧದಾರಿಯ ಪಿಎಚ್ ಸುಮಾರು 3.76, ಪಿಕೆಎ ಅಲ್ಲವೇ ಅಲ್ಲ. ಅಯಾನಿನ ಸಾಂದ್ರತೆ ಅಂದ್ರೆ ಸೇರಿಸಿದ ಸೋಡಿಯಂ ಜೊತೆಗೆ ಹೈಡ್ರೋಜನ್ ಅಯಾನು. ಆಮ್ಲದ ಸಾಂದ್ರತೆಯಿಂದ ಅಷ್ಟನ್ನೇ ಕಳೀಬೇಕು. ಈ ತಿದ್ದುಪಡಿ ಹಾಕಿದ್ರೆ 3.44ರ ಹತ್ತಿರ ಬರುತ್ತೆ.

ಕ್ಲೋರೋ ಇನ್ನೂ ಕಡಿಮೆ ಕರಗುತ್ತೆ. ಅದಕ್ಕೆ ಟೈಟ್ರೇಷನ್ ಬಿಟ್ಟು ಯುವಿ (ನೇರಳಾತೀತ ಬೆಳಕಿನ ಹೀರಿಕೆ ಅಳೆಯೋ ವಿಧಾನ) ಹಿಡೀರಿ: ಸುಮಾರು 5 × 10⁻⁵ ಮೋಲಾರ್ ದ್ರಾವಣ, ಪಿಎಚ್ 2ರಿಂದ 6ರವರೆಗೆ ಬಫರ್‌ಗಳು, ಎರಡೂ ತುದಿಯ ಹೀರಿಕೆ ಗೊತ್ತಾದ್ರೆ ನಡುವಿನ ಆಮ್ಲ-ಅಯಾನು ಅನುಪಾತ ಸಿಗುತ್ತೆ. ಮೆಥನಾಲ್ ಸೇರಿಸಿ ಕರಗಿಸೋದಾದ್ರೆ ಒಂದೇ ಮಿಶ್ರಣದ ಬೆಲೆ ಬರೀಬೇಡಿ, ಪಿಕೆಎ ಏರಿರುತ್ತೆ. ಮೂರ್ನಾಲ್ಕು ಅನುಪಾತದಲ್ಲಿ ಅಳೆದು ಸೊನ್ನೆ ಮೆಥನಾಲ್‌ಗೆ ರೇಖೆ ಎಳೀರಿ.

ಬ್ಯೂರೆಟ್_ಭಟ್ರು:
ಮಳೆಗಾಲದಲ್ಲಿ ನಮ್ಮ ಕಡೆ ಕಾಸ್ಟಿಕ್ ಪೆಲೆಟ್ ಡಬ್ಬಿ ತೆಗೆದ ಗಳಿಗೆಗೇ ನೀರೊಡೆಯುತ್ತೆ ಮಾರಾಯ್ರೆ, ತೂಕ ನಂಬೋ ಹಾಗಿಲ್ಲ. ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್‌ನಿಂದ ಸ್ಟ್ಯಾಂಡರ್ಡೈಸ್ ಮಾಡಿ, ಅಂದ್ರೆ ಕಾಸ್ಟಿಕ್‌ನ ನಿಜವಾದ ಸಾಂದ್ರತೆ ಕಂಡುಕೊಳ್ಳಿ. ನೀರು ಕುದಿಸಿ, ಮುಚ್ಚಿಟ್ಟು ತಣಿಸಿ.

ಲಾಗ್ ಪಿ ಕಥೆ ಬೇರೆ. ಡಿಸ್ಟಿಲ್ಡ್ ವಾಟರಿನಲ್ಲಿ ಆಮ್ಲದ ಒಂದು ಪಾಲು ಅಯಾನಾಗಿ ನೀರಲ್ಲೇ ಉಳಿಯುತ್ತೆ, ನೀವು ಅಳೆದದ್ದು ಲಾಗ್ ಡಿ, ಅಂದ್ರೆ ಅಯಾನನ್ನೂ ಲೆಕ್ಕಕ್ಕೆ ಸೇರಿಸಿದ ಅನುಪಾತ. 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಬಳಸಿ, ಪಿಎಚ್ 2ರಲ್ಲಿ ಬಹುಪಾಲು ತಟಸ್ಥವಾಗಿರುತ್ತೆ. ಆಕ್ಟನಾಲನ್ನೂ ಈ ದ್ರಾವಣವನ್ನೂ ಮೊದಲೇ ಒಂದು ರಾತ್ರಿ ಒಟ್ಟಿಗಿಟ್ಟು ಪರಸ್ಪರ ತೃಪ್ತಗೊಳಿಸಿ. ಬೆಂಜೋಯಿಕ್‌ಗೆ 2 ಮಿ.ಲೀ. ಆಕ್ಟನಾಲ್, 40 ಮಿ.ಲೀ. ನೀರು ಸಾಕು; ಕ್ಲೋರೋಗೆ 1ಕ್ಕೆ 100, ಇಲ್ಲದಿದ್ರೆ ನೀರಿನ ಪದರದಲ್ಲಿ ಅಳೆಯೋಕೆ ಏನೂ ಉಳಿಯಲ್ಲ. ಜೋರಾಗಿ ಅಲುಗಾಡಿಸಬೇಡಿ, ಹಾಲಿನ ಹಾಗೆ ಎಮಲ್ಷನ್ ಆಗುತ್ತೆ. ನಿಧಾನಕ್ಕೆ ತಲೆಕೆಳಗು ಮಾಡಿ, ಸೆಂಟ್ರಿಫ್ಯೂಜ್ ಮಾಡಿ. ಸಿರಿಂಜಿನಿಂದ ಚೂರು ಗಾಳಿ ಬಿಡ್ತಾ ಆಕ್ಟನಾಲ್ ಪದರ ದಾಟಿಸಿ. ಸೂಜಿಯೊಳಗೆ ಒಂದು ಹನಿ ಆಕ್ಟನಾಲ್ ಹೋದ್ರೂ ಲಾಗ್ ಪಿ ಕುಸಿಯುತ್ತೆ.

ಶಂಕರಘಟ್ಟ_ಎಂಎಸ್ಸಿ:
ಲ್ಯಾಬ್ ಈಗ 21 ಡಿಗ್ರಿ. ಮೀಟರಿನ ಟೆಂಪರೇಚರ್ ಗುಂಡಿ ಸಾಕಲ್ವಾ ಸರ್?

ತುಂಗಾ_ತೀರ:
ಸಾಲಲ್ಲ. ಅದು ಎಲೆಕ್ಟ್ರೋಡಿನ ಇಳಿಜಾರನ್ನಷ್ಟೇ ಸರಿಪಡಿಸುತ್ತೆ. ಬಫರ್, ಮಾದರಿ ಎರಡನ್ನೂ 25 ಡಿಗ್ರಿ ವಾಟರ್ ಬಾತಿನಲ್ಲಿಡಿ.