ಮೂರು ಪಾಳಿಯ ಕೆಲಸ, ನಿದ್ದೆ ಇಲ್ಲ: ಮುಧೋಳ ಕಡೆ ಇದ್ದುಕೊಂಡು ಯೋಗ, ಓಡಾಟ ಹೇಗೆ ಹೊಂದಿಸೋದು?

ಪ್ರಶ್ನೆ – ಮುಧೋಳ ಲ್ಯಾಬ್

ಎಲ್ಲರಿಗೂ ನಮಸ್ಕಾರ ರೀ. ಮುಧೋಳ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಕಾರ್ಖಾನೆ ನಿಲ್ಲೋದಿಲ್ಲ. ನಸುಕಿನ ನಾಲ್ಕರಿಂದ ಮಧ್ಯಾಹ್ನ ಹನ್ನೆರಡು, ಹನ್ನೆರಡರಿಂದ ರಾತ್ರಿ ಎಂಟು, ಎಂಟರಿಂದ ಮತ್ತೆ ನಸುಕಿನ ನಾಲ್ಕು. ವಾರ ವಾರ ಪಾಳಿ ಬದಲು. ಕಬ್ಬಿನ ರಸದ ಸ್ಯಾಂಪಲ್, ಬ್ರಿಕ್ಸ್ (ರಸದಲ್ಲಿ ಕರಗಿದ ಒಟ್ಟು ಅಂಶ), ಪೋಲ್ (ಸಕ್ಕರೆ ಅಂಶ), ಪಿಎಚ್ (ಹುಳಿ-ಕ್ಷಾರದ ಅಳತೆ) ಅಂತ ಕೈಗೆ ಬಿಡುವಿಲ್ಲ. ರಿಕವರಿ, ಅಂದರೆ ಕಬ್ಬಿನಿಂದ ಸಿಗೋ ಸಕ್ಕರೆಯ ಪ್ರಮಾಣ, ಸ್ವಲ್ಪ ಇಳಿದರೂ ಮೊದಲ ಫೋನು ನಮಗೇ ಬರುತ್ತದೆ.

ಈಗ ಕುತ್ತಿಗೆ ಬಿಗಿ, ನಿದ್ದೆಯಲ್ಲಿ ಹಲ್ಲು ಕಡಿಯೋದು, ಮಲಗಿದರೂ ಕಿವಿಯಲ್ಲಿ ಮಿಲ್ ಸದ್ದು. ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಡಾಕ್ಟರ್ ಬಿಪಿ ನೋಡಿದರು, 138/88. ಸದ್ಯಕ್ಕೆ ಗುಳಿಗೆ ಬೇಡ, ಯೋಗ ಮಾಡಿ, ಹಸಿರಿನ ನಡುವೆ ಓಡಾಡಿ, ಆಮೇಲೆ ನೋಡೋಣ ಅಂದರು.

ಆದರೆ ಯೋಗದ ಕ್ಲಾಸು ಬೆಳಿಗ್ಗೆ ಆರಕ್ಕೆ. ಮೂರರಲ್ಲಿ ಎರಡು ವಾರ ಆ ಹೊತ್ತಿಗೆ ನಾನು ಒಂದೋ ಕೆಲಸದಲ್ಲಿರುತ್ತೇನೆ, ಇಲ್ಲಾ ಆಗಷ್ಟೇ ಮಲಗಿರುತ್ತೇನೆ. ಯೂಟ್ಯೂಬ್ ನೋಡಿ, ರಭಸದಿಂದ ಉಸಿರು ಹೊರಗೆ ತಳ್ಳೋ ಕಪಾಲಭಾತಿ ಮಾಡಿದೆ, ತಲೆ ತಿರುಗಿತು. ಇನ್ನು ಹಸಿರು ಅಂದರೆ ನಮ್ಮಲ್ಲಿ ಬರೀ ಕಬ್ಬು. ಕಬ್ಬು ನೋಡಿದರೆ ಯಾರ್ಡಿನಲ್ಲಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್ ನೆನಪಾಗುತ್ತವೆ. ಎಲ್ಲರೂ ಚಿಕ್ಕಮಗಳೂರು, ಕೊಡಗಿಗೆ ಹೋಗಿ ಬಾ ಅಂತಾರೆ. ಹಂಗಾಮಿನಲ್ಲಿ ರಜೆ ಎಲ್ಲಿಂದ ತರಲಿ? ಪಾಳಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಉತ್ತರ – ಬಾದಾಮಿ ಸಿಸ್ಟರ್

ತಮ್ಮಾ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನೈಟ್ ಡ್ಯೂಟಿ ಮಾಡಿ ಮಾಡಿ ನಿವೃತ್ತಿಯಾದವಳು. ಈಗ ಓಣಿಯ ಹೆಣ್ಣುಮಕ್ಕಳಿಗೆ ಯೋಗ ಹೇಳಿಕೊಡುತ್ತೇನೆ. ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಮೊದಲು ಕಪಾಲಭಾತಿ ಬಿಡಿ. ಬಿಪಿ ಏರುತ್ತಿರುವವರಿಗೆ ಅದು ಬೇಡ. ಉಸಿರು ಹಿಡಿದು ಕೂರುವ ಕುಂಭಕವೂ ಬೇಡ. ನಿಮಗೆ ಬೇಕಿರೋದು ಉಸಿರು ನಿಧಾನ ಆಗೋದು. ಉಸಿರು ಒಳಗೆ ಎಳೆದಾಗ ಎದೆಬಡಿತ ತುಸು ಜೋರಾಗುತ್ತದೆ, ಹೊರಗೆ ಬಿಟ್ಟಾಗ ನಿಧಾನವಾಗುತ್ತದೆ. ವೇಗಸ್ ಅನ್ನೋ ನರದ ಕೆಲಸ ಅದು. ಮಣಿಕಟ್ಟಿನ ನಾಡಿ ಹಿಡಿದು ನೀವೇ ನೋಡಬಹುದು. ಹಾಗಾಗಿ ಹೊರಗೆ ಬಿಡೋ ಉಸಿರು ಉದ್ದ ಇರಬೇಕು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಹೀಗೆ ಮಾಡಿದರೆ ನಿಮಿಷಕ್ಕೆ ಆರು ಉಸಿರು. ಸುಮ್ನೆ ಕೂತಾಗ ನಮ್ಮದು ಹನ್ನೆರಡರ ಮೇಲೇ ಇರುತ್ತದೆ. ಎಣಿಸೋದು ಕಿರಿಕಿರಿ ಅನಿಸಿದರೆ ಭ್ರಾಮರಿ ಮಾಡಿ. ಬಾಯಿ ಮುಚ್ಚಿ ‘ಮ್’ ಅಂತ ಗುನುಗಿದರೆ ಉಸಿರು ತಾನಾಗಿಯೇ ಉದ್ದ ಆಗುತ್ತದೆ. ಗುನುಗುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದು. ದವಡೆ ಬಿಗಿ ಹಿಡಿಯುವವರಿಗೆ ಇದು ಒಳ್ಳೆಯದು.

ಈಗ ಪಾಳಿಯ ಮಾತು. ಎಲ್ಲಾ ವಾರಕ್ಕೂ ಒಂದೇ ಟೈಮ್‌ಟೇಬಲ್ ಹಾಕಿಕೊಳ್ಳಬೇಡಿ, ನಡೆಯೋದಿಲ್ಲ.

ರಾತ್ರಿ ಪಾಳಿ ಮುಗಿಸಿ ಮನೆ ಮುಟ್ಟಿದಾಗ ಇನ್ನೂ ಕತ್ತಲಿರುತ್ತದೆ. ಅದು ನಿಮ್ಮ ಪುಣ್ಯ. ನಾವು ಎಂಟು ಗಂಟೆಗೆ ಬಿಸಿಲಲ್ಲಿ ಮನೆಗೆ ಬರುತ್ತಿದ್ದೆವು. ಬಿಸಿಲು ಬಿದ್ದರೆ ಮೆದುಳು ಹಗಲಾಯ್ತು ಅಂದುಕೊಳ್ಳುತ್ತದೆ, ಆಮೇಲೆ ನಿದ್ದೆ ಕಷ್ಟ. ಕೈಕಾಲು ತೊಳೆದು, ಗೋಡೆಗೆ ಕಾಲು ಮೇಲೆ ಮಾಡಿ ಹತ್ತು ನಿಮಿಷ ಮಲಗಿ. ಅದೇ ವಿಪರೀತ ಕರಣಿ. ಸೊಂಟದ ಕೆಳಗೆ ಮಡಚಿದ ಕೌದಿ ಇಟ್ಟುಕೊಳ್ಳಿ. ಕಣ್ಣಿನ ಒತ್ತಡದ ತೊಂದರೆ ಇದ್ದರೆ ಮಾತ್ರ ಇದು ಬೇಡ. ಆಮೇಲೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಿ. ಪಾಳಿಯ ಕೊನೆಯ ಅರ್ಧದಲ್ಲಿ ಚಹಾ ಬೇಡ. ಓಡಾಟ ಸಂಜೆಗೆ, ಕೆಲಸಕ್ಕೆ ಹೋಗುವ ಮುಂಚೆ.

ನಸುಕಿನ ಪಾಳಿ ಎಲ್ಲಕ್ಕಿಂತ ಕಷ್ಟ. ಮೂರಕ್ಕೇ ಎದ್ದು ಆಸನ ಮಾಡೋಕೆ ಹೋಗಬೇಡಿ, ನಿದ್ದೆ ಮುಖ್ಯ. ಮಧ್ಯಾಹ್ನ ಊಟ ಆದಮೇಲೆ ಅರ್ಧ ತಾಸು ಮಲಗಿ, ಸಂಜೆ ನಡೆಯಿರಿ. ಹನ್ನೆರಡರ ಪಾಳಿಯ ವಾರ ಮಾತ್ರ ಬೆಳಗು ಪೂರ್ತಿ ನಿಮ್ಮದು. ಆ ವಾರ ಹೊರಗೆ ಬಯಲಲ್ಲಿ ತಾಡಾಸನ, ಮಾರ್ಜಾಲಾಸನ, ಬಾಲಾಸನ, ಕೊನೆಗೆ ಶವಾಸನ. ಸಾಕು.

ಹಸಿರಿನ ಬಗ್ಗೆ ನನಗೆ ಗಟ್ಟಿ ನಂಬಿಕೆ ಇದೆ. ನಮ್ಮ ವಾರ್ಡಿನ ಒಂದು ಕಿಟಕಿಯಾಚೆ ಬೇವಿನ ಮರ ಇತ್ತು. ಆ ಮಂಚಕ್ಕೆ ರೋಗಿಗಳು ಜಗಳವಾಡುತ್ತಿದ್ದರು. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು. ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಅವರಿಗೆ ಬಲವಾದ ನೋವಿನ ಔಷಧಿ ಕಡಿಮೆ ಬೇಕಾಯಿತು. ಒಂದು ಮರ ಅಷ್ಟು ಮಾಡುತ್ತದೆ ಅಂದಮೇಲೆ ಕೊಡಗಿನ ದಾರಿ ಯಾಕೆ ಕಾಯಬೇಕು? ಘಟಪ್ರಭೆ ದಂಡೆ ನಿಮ್ಮೂರಲ್ಲೇ ಇದೆ.

ವಾರದ ರಜೆ ಸಿಕ್ಕಾಗ ಮನೆಯವರನ್ನೆಲ್ಲ ಕರೆದುಕೊಂಡು ನಮ್ಮ ಬಾದಾಮಿ ಹತ್ತಿರದ ಮಹಾಕೂಟಕ್ಕೆ ಬನ್ನಿ. ಸುತ್ತ ಗುಡ್ಡ, ದೊಡ್ಡ ದೊಡ್ಡ ಮರ, ನಡುವೆ ಚಿಲುಮೆ ನೀರಿನ ಪುಷ್ಕರಣಿ. ಸುತ್ತಲಿನ ಊರು ಬೇಸಿಗೆಯಲ್ಲಿ ಕಾದ ಹಂಚಿನಂತಾದರೂ ಅಲ್ಲಿ ನೀರು ತಣ್ಣಗೆ. ಜನ ಇಳಿದು ಈಜುತ್ತಾರೆ. ಆ ನೀರಲ್ಲಿ ಕುತ್ತಿಗೆವರೆಗೆ ನಿಂತು ಉಸಿರು ಬಿಟ್ಟು ನೋಡಿ.

ಉತ್ತರ – ಬೀಳಗಿ ಬಯಲು

ಅಕ್ಕಾರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಣ್ಣಾ, ಬೀಳಗಿ, ಮುಧೋಳ ನಡುವೆ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ, 2016ರಲ್ಲಿ ಘೋಷಣೆಯಾದದ್ದು. ಮಲೆನಾಡಿನ ಹಾಗೆ ಎತ್ತರದ ಮರ ಇಲ್ಲ. ಕುರುಚಲು ಕಾಡು, ಕಲ್ಲು, ಮುಳ್ಳುಕಂಟಿ, ಒಣಹುಲ್ಲು. ಅಂಥ ನೆಲದಲ್ಲೇ ಬದುಕೋ ಹುಲ್ಲೆ ಜಾತಿಯ ಪ್ರಾಣಿ ಚಿಂಕಾರ. ಕಣ್ಣು ದೂರಕ್ಕೆ ಹರಿಯುತ್ತದೆ, ನನಗೆ ಅದೇ ದೊಡ್ಡ ಸುಖ. ಒಬ್ಬರೇ ಒಳಗೆ ನುಗ್ಗಬೇಡಿ, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಅಂಚಿನ ಊರುಗಳ ದಾರಿಯಲ್ಲಿ ಸಂಜೆ ನಡೆದರೂ ಟಿಟ್ಟಿಭದ ಕೂಗು ಕೇಳುತ್ತದೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲೋಕೆ ಹೊಲಕ್ಕೆ ಹೋಗ್ತೀವಲ್ಲ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು? ಅವತ್ತು ಮನಸ್ಸು ಎಷ್ಟು ಹಗುರ ಇರುತ್ತದೆ ನೆನಪಿಸಿಕೊಳ್ಳಿ. ಕಬ್ಬು ಬೇಡ ಅಂದ್ರೆ ಬಿಳಿಜೋಳದ ಹೊಲ ಇರೋ ಗೆಳೆಯರ ಮನೆಗೆ ಹೋಗಿ. ಆ ಅಮಾವಾಸ್ಯೆ ಸರಿಯಾಗಿ ಹಂಗಾಮಿನ ನಡುವೆಯೇ ಬರುತ್ತದೆ. ಆ ದಿನದ ಪಾಳಿ ಮಾತ್ರ ಯಾರ ಜೊತೆಗಾದರೂ ಬದಲಿಸಿಕೊಳ್ಳಿ.

ಉತ್ತರ – ಜಮಖಂಡಿ ಫಿಟ್ಟರ್

ಯೋಗ ಒಳ್ಳೆಯದೇ. ಆದರೆ ಎಲ್ಲಾ ಭಾರ ನಿಮ್ಮ ಉಸಿರಿನ ಮೇಲೆ ಹಾಕಬೇಡಿ. ನಿಮ್ಮ ಪಾಳಿ ಯಾವ ಕಡೆ ತಿರುಗುತ್ತದೆ ನೋಡಿ. ನಸುಕು, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ ಅಂತ ಮುಂದಕ್ಕೆ ಹೋದರೆ ಮೈ ಬೇಗ ಹೊಂದಿಕೊಳ್ಳುತ್ತದೆ. ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ನಸುಕಿಗೆ ಅಂತ ಹಿಂದಕ್ಕೆ ಬಂದರೆ ನಿದ್ದೆ ಜಾಸ್ತಿ ಕೆಡುತ್ತದೆ. ನಾಲ್ಕು ಜನ ಸೇರಿ ಟೈಮ್ ಆಫೀಸಿನಲ್ಲಿ ಕೇಳಿ. ಹೊಸ ಜನ ಬೇಕಾಗೋದಿಲ್ಲ, ಖರ್ಚೂ ಇಲ್ಲ, ಬರೀ ಚಾರ್ಟ್ ಬದಲಿಸಬೇಕು.

ಇನ್ನೊಂದು. ನಿದ್ದೆ ಇಲ್ಲದೆ ವಾರಗಟ್ಟಲೆ ಕಳೆದರೆ, ಬದುಕೇ ಬೇಡ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಣ್ಣಾ.

ಉತ್ತರ – ಟಿಳಕವಾಡಿ ಅಜ್ಜ

ಮೈ ಬಗ್ಗೋದಿಲ್ಲ ಅಂತ ಯೋಗ ಬಿಡಬೇಡಿ. ನಾನು ಕುರ್ಚಿ, ಗೋಡೆ ಹಿಡಿದು ಮಾಡುತ್ತೇನೆ. ಇಂಥ ಆಧಾರಗಳನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಅವರು 1937ರಲ್ಲಿ ಪುಣೆಗೆ ಹೋಗೋಕೆ ಕಾರಣರಾದವರು ನಮ್ಮ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ. ಒಬ್ಬ ಡಾಕ್ಟರಿಗೆ ಆ ಕಾಲದಲ್ಲೇ ಯೋಗದ ಬೆಲೆ ಗೊತ್ತಿತ್ತು ಅಂತ ನೆನೆದರೆ ನನಗೆ ಈಗಲೂ ಹೆಮ್ಮೆ. ಬೆಳಿಗ್ಗೆ ಇಲ್ಲಿನ ವ್ಯಾಕ್ಸಿನ್ ಡಿಪೋ ಮೈದಾನದ ಮರಗಳ ಕೆಳಗೆ ಒಂದು ಸುತ್ತು, ಆಮೇಲೆ ಮನೆಯಲ್ಲಿ ಕುರ್ಚಿ. ಲ್ಯಾಬಿನಲ್ಲಿ ಸ್ಟೂಲ್ ಇರುತ್ತಲ್ಲ, ಅದರ ಮೇಲೆ ನೆಟ್ಟಗೆ ಕೂತು ಭುಜ ಕೆಳಗೆ ಬಿಟ್ಟು ಕುತ್ತಿಗೆ ಎಡಕ್ಕೆ, ಬಲಕ್ಕೆ ಮೆಲ್ಲಗೆ ತಿರುಗಿಸಿ.

ಮುಧೋಳ ಲ್ಯಾಬ್

ಎಲ್ಲರಿಗೂ ಧನ್ಯವಾದ. ನಮ್ಮ ಚಾರ್ಟ್ ಹಿಂದಕ್ಕೇ ತಿರುಗುತ್ತದೆ, ಇವತ್ತೇ ಗಮನಿಸಿದೆ. ಕೇಳುತ್ತೇವೆ. ಅಕ್ಕಾರೆ, ಎರಡು ಸಂಶಯ. ನಾನು ಬರುವಾಗ ಮಕ್ಕಳು ಮಲಗಿರುತ್ತಾರೆ, ಭ್ರಾಮರಿ ಸದ್ದಿಗೆ ಎದ್ದರೆ? ಮತ್ತೆ ಎಷ್ಟು ನಡೆಯಬೇಕು, ಬಿಪಿ ಯಾವಾಗ ನೋಡಬೇಕು?

ಬಾದಾಮಿ ಸಿಸ್ಟರ್

ಭ್ರಾಮರಿ ಜೋರಾಗಿ ಬೇಕಿಲ್ಲ, ನಿಮಗಷ್ಟೇ ಕೇಳಿದರೆ ಸಾಕು. ಇಲ್ಲವೇ ಆ ಹೊತ್ತಿಗೆ ನಾಲ್ಕು-ಆರು ಎಣಿಕೆ ಮಾಡಿ.

2019ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ ಮಾಡಿದ ಅಧ್ಯಯನ ಬಂತು. ವಾರಕ್ಕೆ 120 ನಿಮಿಷವಾದರೂ ನಿಸರ್ಗದಲ್ಲಿ ಕಳೆಯುವವರು ನಾವು ಆರೋಗ್ಯವಾಗಿದ್ದೇವೆ ಅಂತ ಹೇಳಿದ್ದು ಜಾಸ್ತಿ. ಒಂದೇ ಸಲ ಹೋದರೂ ಸರಿ, ತುಂಡು ತುಂಡಾಗಿ ಹೋದರೂ ಸರಿ. ನಿಮಗೆ ಆರು ದಿನ ಇಪ್ಪತ್ತಿಪ್ಪತ್ತು ನಿಮಿಷ ಆದರೂ ಆಯ್ತು. ಫೋನ್ ಮನೆಯಲ್ಲಿಡಿ, ರಿಕವರಿ ಬಗ್ಗೆ ಆಮೇಲೆ ಮಾತಾಡಬಹುದು.

ಬಿಪಿಯನ್ನು ರಾತ್ರಿ ಪಾಳಿ ಮುಗಿದ ತಕ್ಷಣ ನೋಡಬೇಡಿ. ನಿದ್ದೆ ಮುಗಿಸಿ ಎದ್ದಮೇಲೆ, ಬೆನ್ನಿಗೆ ಆಸರೆ ಇಟ್ಟು ಐದು ನಿಮಿಷ ಸುಮ್ನೆ ಕೂತು ನೋಡಿ. ಅದಕ್ಕಿಂತ ಅರ್ಧ ತಾಸು ಮೊದಲಿನಿಂದ ಚಹಾ, ತಂಬಾಕು ಏನೂ ಬೇಡ. ಚೀಟಿಯಲ್ಲಿ ಬರೆಯುವಾಗ ಆ ದಿನ ಯಾವ ಪಾಳಿ ಅಂತಲೂ ಬರೆದು ಡಾಕ್ಟರಿಗೆ ತೋರಿಸಿ. ಅವರಿಗೆ ಅದು ಗೊತ್ತಾಗಲೇಬೇಕು.