ಎರಡನೆಯ ದಿನ ‘ಒಳ್ಳೆಯದು’ ಎನ್ನಲಿಲ್ಲವೇಕೆ?

ಪ್ರಶ್ನೆ (ಚಿಕ್ಕಮಗಳೂರಿನಿಂದ)
ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುತ್ತೇನೆ. ಹೋದ ವಾರ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯವಿತ್ತು. ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ, ತಾನು ಮಾಡಿದ್ದನ್ನು ‘ಒಳ್ಳೆಯದು’ ಎಂದು ಕಂಡ ಕಥೆ ಅದು. ತೋಟದ ಲೈನ್ ಮನೆಯಿಂದ ಬರುವ ಆರನೆಯ ತರಗತಿಯ ಹುಡುಗಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕುಳಿತಿದ್ದವಳು, “ಟೀಚರ್, ಎರಡನೆಯ ದಿನ ಮಾತ್ರ ಒಳ್ಳೆಯದು ಎಂಬ ಮಾತಿಲ್ಲ. ಮೂರನೆಯ ದಿನ ಎರಡು ಸಲ ಇದೆ” ಎಂದಳು. ಇಪ್ಪತ್ತು ವರ್ಷದಿಂದ ಓದುತ್ತಿರುವ ಪುಟ, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಈ ಭಾನುವಾರ ಉತ್ತರ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ತಿಳಿದವರು ಹೇಳಿ.

ಉತ್ತರ (ಹಾಸನ, ನಿವೃತ್ತ ಗಣಿತ ಶಿಕ್ಷಕ)
ಮೇಡಂ, ಆ ಮಗು ಕಂಡದ್ದನ್ನು 4ನೆಯ ಶತಮಾನದ ಕೊನೆಯಲ್ಲಿ, ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಸಂತ ಜೆರೋಮರೂ ಕಂಡಿದ್ದರು. ಗ್ರೀಕ್ ಅನುವಾದದಲ್ಲಿ ಆ ಮಾತು ಎರಡನೆಯ ದಿನಕ್ಕೂ ಇದೆ, ಹೀಬ್ರೂ ಮೂಲದಲ್ಲಿಲ್ಲ. ಎರಡೆಂಬುದು ಐಕ್ಯವನ್ನು ಒಡೆಯುವ ಸಂಖ್ಯೆ, ಅದಕ್ಕೇ ಒಳ್ಳೆಯದು ಎನಿಸಿಕೊಳ್ಳಲಿಲ್ಲ ಎಂದರು ಅವರು. ಜಲಪ್ರಳಯದಿಂದ ಪಾರಾಗಲು ನೋಹನು ಕಟ್ಟಿದ ನಾವೆಗೆ ಅಶುದ್ಧ ಪ್ರಾಣಿಗಳು ಜೋಡಿಯಾಗಿ ಹತ್ತಿದ್ದನ್ನೂ ಸಾಕ್ಷಿಗೆ ತಂದರು.

ಆದರೆ ತರಗತಿಗೆ, ಜೆರೋಮರ ಕಾಲದವರೇ ಆದ ಧರ್ಮಪಂಡಿತ ಸಂತ ಅಗಸ್ಟೀನರು ಆರು ಎಂಬ ಸಂಖ್ಯೆಯ ಬಗ್ಗೆ ಹೇಳಿದ್ದನ್ನು ಒಯ್ಯಿರಿ. ಆರನ್ನು ಶೇಷವಿಲ್ಲದೆ ಭಾಗಿಸುವ, ಆರಕ್ಕಿಂತ ಚಿಕ್ಕ ಸಂಖ್ಯೆಗಳಾದ 1, 2, 3 ಕೂಡಿದರೆ ಮತ್ತೆ 6. ಇಂಥ ಪರಿಪೂರ್ಣ ಸಂಖ್ಯೆ ಮುಂದೆ ಸಿಗುವುದು 28ರಲ್ಲಿ. ದಿನಗಳೂ ಹಾಗೆಯೇ ಕೂಡುತ್ತವೆ: ಬೆಳಕಿಗೆ ಒಂದು ದಿನ, ಮೇಲಿನ ಆಕಾಶಕ್ಕೂ ಕೆಳಗಿನ ನೆಲ-ಕಡಲಿಗೂ ಎರಡು, ಅವುಗಳಲ್ಲಿ ಚಲಿಸುವ ಸೂರ್ಯಚಂದ್ರರಿಗೆ, ಮೀನು-ಹಕ್ಕಿಗೆ, ಪ್ರಾಣಿ-ಮನುಷ್ಯರಿಗೆ ಮೂರು. ದೇವರು ಆರು ದಿನ ತೆಗೆದುಕೊಂಡದ್ದರಿಂದ ಆರು ಪರಿಪೂರ್ಣವಾಗಲಿಲ್ಲ, ಆರು ಪರಿಪೂರ್ಣವಾದ್ದರಿಂದಲೇ ಆರು ದಿನ ಎಂದರು ಅಗಸ್ಟೀನರು. ಮೂವತ್ತು ವರ್ಷ ಲೆಕ್ಕ ಕಲಿಸಿದವನಿಗೆ ಈ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ (ಮೂಡಿಗೆರೆ)
ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ವಿವರಣೆಯನ್ನೂ ನೋಡಿ. ನೀರನ್ನು ಬೇರ್ಪಡಿಸಿ ಒಂದೆಡೆ ಸೇರಿಸುವ ಕೆಲಸ ಎರಡನೆಯ ದಿನ ಶುರುವಾಗಿ ಮೂರನೆಯ ದಿನ ಮುಗಿಯಿತು. ಅರ್ಧ ಕೆಲಸವನ್ನು ಒಳ್ಳೆಯದು ಎನ್ನುವುದಿಲ್ಲ. ಮರುದಿನ ಎರಡು ಸಲ ಬಂದದ್ದು ಆ ಬಾಕಿಯೂ ಸೇರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೈಮುಗಿಯುತ್ತೇನೆ. ಜೆರೋಮರ ಮಾತನ್ನು ನಾನು ಒಪ್ಪಲಾರೆ. ಮುಂದಿನ ಅಧ್ಯಾಯದಲ್ಲೇ, ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲ ಎಂದು ದೇವರು ಹೇಳುತ್ತಾರೆ. ಅಲ್ಲಿ ಒಳ್ಳೆಯದಲ್ಲ ಎನಿಸಿಕೊಂಡದ್ದು ಒಂದು, ಎರಡಲ್ಲ! ಅಲ್ಲದೆ ಆ ಹುಡುಗಿಗೆ ಅವಳಿ ತಮ್ಮನಿದ್ದಾನೆ, ಪಕ್ಕದಲ್ಲೇ ಕೂರುತ್ತಾನೆ. ಅವಳಿಗೆ ನೀರಿನ ಕೆಲಸದ ಉತ್ತರವನ್ನೇ ಹೇಳುತ್ತೇನೆ. ಮೇಜಿನ ಮೇಲೆ ಒಂದು, ಎರಡು, ಮೂರರ ಸಾಲಿನಲ್ಲಿಡಲು ಆರು ಕಾಫಿ ಬೀಜಗಳನ್ನು ಈಗಲೇ ಚೀಲಕ್ಕೆ ಹಾಕಿಕೊಂಡಿದ್ದೇನೆ.