ಚಳಿ ಮುಗಿದ ಮೇಲೆ ಗೋಬರ್ ಗ್ಯಾಸ್ ಕೈಕೊಟ್ಟಿದೆ, ಸ್ಲರಿಗೆ ವಿಪರೀತ ಘಾಟು

ಕೊಟ್ಟಿಗೆಮನೆ, ತೀರ್ಥಹಳ್ಳಿ:
ನಮ್ಮದು 2 ಘನ ಮೀಟರಿನ, ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಪ್ಲಾಂಟ್. ಡಿಸೆಂಬರ್ ಚಳಿಗೆ ಗ್ಯಾಸ್ ಇಳಿಯಿತು ಅಂತ ಸಗಣಿ ಜೊತೆ ದಿನಾ ಒಂದು ಬುಟ್ಟಿ ಕೋಳಿ ಗೊಬ್ಬರ ಹಾಕ್ತಾ ಬಂದ್ವಿ. ಆಗ ತೊಂದರೆ ಕಾಣಲಿಲ್ಲ. ಈಗ ಬಿಸಿಲು ಏರಿದೆ, ಗ್ಯಾಸ್ ಹೆಚ್ಚಬೇಕಿತ್ತು. ಒಲೆ ಹೊತ್ತಿದ ಹಾಗೆ ಮಾಡಿ ಆರಿಹೋಗುತ್ತೆ. ಸ್ಲರಿ (ಕೊಳೆತ ಸಗಣಿ ನೀರು) ಹೊರಬರೋ ಔಟ್‌ಲೆಟ್ ಹತ್ತಿರ ಬಗ್ಗಿದರೆ ಕಣ್ಣುರಿ. ಒಳಗೆ ಹುಳಿಯಾಗಿದೆ, ಸುಣ್ಣ ಹಾಕಿ ಅಂತಾರೆ ಪಕ್ಕದ ಮನೆಯವರು. ಹಾಕಬಹುದಾ?

ಸ್ಲರಿಪ್ರಿಯ:
ಸುಣ್ಣ ಮುಟ್ಟಬೇಡಿ. ಮೊದಲು ಪಿಎಚ್ ಪೇಪರ್ ಅದ್ದಿ ಬಣ್ಣ ನೋಡಿ, 7ಕ್ಕಿಂತ ಕಮ್ಮಿ ಬಂದರೆ ಹುಳಿ, ಜಾಸ್ತಿ ಬಂದರೆ ಕ್ಷಾರ.

ಕೊಟ್ಟಿಗೆಮನೆ:
8ರ ಬಣ್ಣ ಬಂತು.

ಸ್ಲರಿಪ್ರಿಯ:
ಹಾಗಿದ್ರೆ ಹುಳಿಯಲ್ಲ, ಅಮೋನಿಯಾ. ಕೋಳಿ ಹಿಕ್ಕೆಯ ಸಾರಜನಕ ಬಹುಪಾಲು ಯೂರಿಕ್ ಆಮ್ಲವಾಗಿರುತ್ತೆ. ಅದನ್ನು ಒಡೆದು ಅಮೋನಿಯಾ ಮಾಡೋ ಬ್ಯಾಕ್ಟೀರಿಯಾ ಚಳಿಯಲ್ಲಿ ನಿಧಾನ. ಶಾಖ ಏರಿದ ಕೂಡಲೇ, ಕೂಡಿಟ್ಟಿದ್ದನ್ನೂ ಸೇರಿಸಿ ಒಡೆಯೋಕೆ ಶುರು ಮಾಡ್ತವೆ.

ಇನ್ನೊಂದು ಪೆಟ್ಟು ರಸಾಯನಶಾಸ್ತ್ರದ್ದು. ಅಮೋನಿಯಾ ನೀರಲ್ಲಿ ಅಮೋನಿಯಂ ಅನ್ನೋ ರೂಪದಲ್ಲಿ ಕರಗಿರೋವರೆಗೆ ಅಷ್ಟು ತೊಂದರೆಯಿಲ್ಲ, ಬಿಡಿ ಅಮೋನಿಯಾ ಆದರೆ ವಿಷ. ಪಿಎಚ್ 8ರಲ್ಲಿ 20 ಡಿಗ್ರಿಗೆ ಶೇ. 4ರಷ್ಟು ಬಿಡಿ ರೂಪದಲ್ಲಿದ್ದರೆ, 30 ಡಿಗ್ರಿಗೆ ಶೇ. 7 ದಾಟುತ್ತೆ. ಒಟ್ಟು ಸಾರಜನಕ ಅಷ್ಟೇ ಇದ್ದರೂ ವಿಷ ಹೆಚ್ಚುಕಮ್ಮಿ ಇಮ್ಮಡಿ! ಈ ವಿಷಕ್ಕೆ ಮೊದಲು ಬೀಳೋದು ಮೀಥೇನ್ (ಉರಿಯೋ ಅನಿಲ) ಮಾಡೋ ಜೀವಿಗಳು, ಅದರಲ್ಲೂ ಅಸಿಟೇಟ್ (ಸಗಣಿ ಕೊಳೆತಾಗ ಬರೋ ವಿನೆಗರ್ ತರದ ಆಮ್ಲ) ತಿಂದು ಬದುಕೋವು. ಗ್ಯಾಸಲ್ಲಿ ಮೀಥೇನ್ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತೆ, ಉರಿ ನಿಲ್ಲಲ್ಲ. ಸುಣ್ಣ ಹಾಕಿದರೆ ಪಿಎಚ್ ಇನ್ನೂ ಏರಿ ಕಥೆ ಮುಗೀತು.

ಕೋಳಿ ಗೊಬ್ಬರ ಪೂರ್ತಿ ನಿಲ್ಲಿಸಿ. ಸಗಣಿ ಕಮ್ಮಿ ಮಾಡಿ, ನೀರು ಸ್ವಲ್ಪ ಜಾಸ್ತಿ ಮಾಡಿ. ಚೆನ್ನಾಗಿ ಉರೀತಿರೋ ಪ್ಲಾಂಟಿನ ಸ್ಲರಿ ಕೆಲವು ಕೊಡ ಸಿಕ್ಕರೆ ಸುರೀರಿ. ಡೈಜೆಸ್ಟರ್ (ಸಗಣಿ ಕೊಳೆಯೋ ತೊಟ್ಟಿ) ಖಾಲಿ ಮಾಡೋದು ಕೊನೇ ಉಪಾಯ, ಉಳಿದಿರೋ ಜೀವಿಗಳೂ ಹೋಗ್ತವೆ. ಚೇತರಿಕೆಗೆ ವಾರಗಳೇ ಹಿಡೀತವೆ, ದಿನಾ ಒಲೆ ಹಚ್ಚಿ ನೋಡಿ ಬೇಜಾರಾಗಬೇಡಿ.

ಘಟ್ಟದಕೆಳಗೆ:
ಈ ಘಾಟಿನ ಸ್ಲರಿ ಅಡಿಕೆ ಬುಡಕ್ಕೆ ಹಾಕಬಹುದಾ? ಅಮೋನಿಯಾ ಒಳಗೇ ನೈಟ್ರೇಟ್ ಆಗಲ್ವಾ?

ಸ್ಲರಿಪ್ರಿಯ:
ಒಳಗೆ ಆಗಲ್ಲ. ಆ ಕೆಲಸದ ನೈಟ್ರೊಸೊಮೊನಾಸ್ ತರದ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು, ಡೈಜೆಸ್ಟರಲ್ಲಿ ಆಮ್ಲಜನಕವೇ ಇಲ್ಲ. ಮಣ್ಣಿಗೆ ಬಿದ್ದ ಮೇಲೆ ಆಗುತ್ತೆ. ನಡುಹಗಲಲ್ಲಿ ಸುರಿದರೆ ಅರ್ಧಕ್ಕರ್ಧ ಗಾಳಿಪಾಲಾದರೂ ಆಶ್ಚರ್ಯವಿಲ್ಲ. ಸಂಜೆ ಹೊತ್ತು ನೀರು ಬೆರೆಸಿ, ಬುಡದಿಂದ ಸ್ವಲ್ಪ ದೂರಕ್ಕೆ ಹಾಕಿ ಮಣ್ಣು ಮುಚ್ಚಿ.

ಕೊಟ್ಟಿಗೆಮನೆ:
ಸರಿ, ಸುಣ್ಣ ಬಿಟ್ಟೆ. ಸಗಣಿ ಕಲಸೋಕೆ ಕೊಟ್ಟಿಗೆ ತೊಳೆದ ನೀರನ್ನೇ ಬಳಸ್ತೀವಿ, ಪರವಾಗಿಲ್ವಾ?

ಸ್ಲರಿಪ್ರಿಯ:
ಅದರಲ್ಲಿ ಗಂಜಲ ಇರುತ್ತಲ್ಲ, ಗಂಜಲ ಅಂದ್ರೆ ಯೂರಿಯಾ, ಅದೂ ಒಡೆದು ಅಮೋನಿಯಾನೇ ಆಗುತ್ತೆ. ಉರಿ ನೀಲಿಗೆ ಬರೋವರೆಗೆ ಬಾವಿ ನೀರೇ ಬಳಸಿ.